ಮೈ ನವೆಗೆ ನಲ್ಲಿ ನೀರು ಕಾರಣವೇ? ಅಳೆದು ಹೇಳೋಣ

"ಅಣ್ಣಾ, ನಲ್ಲಿ ನೀರು ಮೈಗೆ ಹುಯ್ಕೊಂಡ್ರೆ ಸಾಕು, ನವೆ ಶುರುವಾಯ್ತದೆ. ಪೇಪರ್‌ನಲ್ಲಿ ಒಸಿ ಹಾಕ್ಸಣ್ಣ."

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಸುದ್ದಿ ಕಳಿಸುವ ನಮಗೆ ಇಂಥ ಫೋನ್ ಹೊಸದಲ್ಲ. ಬೇಸಿಗೆ ಬಂತೆಂದರೆ ಹೆಚ್ಚು. ನಾಗಮಂಗಲದ ಕಡೆಯವರು ಬೋರ್ ನೀರು ಸವಳು ಎನ್ನುತ್ತಾರೆ. ಶ್ರೀರಂಗಪಟ್ಟಣದ ಕಡೆಯವರು ಬ್ಲೀಚಿಂಗ್ ಪೌಡರ್ ಜಾಸ್ತಿ ಸುರಿದವ್ರೆ ಎನ್ನುತ್ತಾರೆ. ಪಾಂಡವಪುರದವರಿಗೆ ಟ್ಯಾಂಕ್ ತೊಳೆದಿಲ್ಲ ಎಂಬ ಸಿಟ್ಟು. ಕೆ.ಆರ್.ಪೇಟೆಯವರಿಗೆ ಹೊಸ ಪೈಪ್ ಹಾಕಿದ ಮೇಲೇ ಇದೆಲ್ಲ ಬಂತು ಎಂಬ ಅನುಮಾನ. ಊರು ಬೇರೆ, ಕಾರಣ ಬೇರೆ, ಆರೋಪಿ ಮಾತ್ರ ಒಬ್ಬನೇ: ನಲ್ಲಿ ನೀರು.

ಈ ಆರೋಪ ನಿಜವಿರಬಹುದು, ಸುಳ್ಳೂ ಇರಬಹುದು. ನಮ್ಮ ತಕರಾರು ಬೇರೆ. ಇದು ನಿಜವೋ ಸುಳ್ಳೋ ಎಂದು ತಿಳಿಯುವ ಕೆಲಸವನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಮಾಡುತ್ತಿಲ್ಲ. ದೂರುವವರು ಅಳೆಯದೆ ದೂರುತ್ತಾರೆ, ತಳ್ಳಿಹಾಕುವವರು ಅಳೆಯದೆ ತಳ್ಳಿಹಾಕುತ್ತಾರೆ. ಬರೆಯುವ ನಾವು ಅಳೆಯದೆ ಬರೆಯುತ್ತೇವೆ. ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ.

ನಾವು ಬರೆದ ಸುದ್ದಿ

ಕೆಲವು ವರ್ಷಗಳ ಹಿಂದಿನ ಮಾತು. ಈ ನಾಲ್ಕು ತಾಲ್ಲೂಕುಗಳಲ್ಲೊಂದು ಊರು, ಹೆಸರು ಬೇಡ. ಶಾಲೆಯ ಹತ್ತು ಹದಿನೈದು ಮಕ್ಕಳಿಗೆ ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಟ್ಟೆಯ ಮೇಲೆ ಸಣ್ಣ ಗುಳ್ಳೆ. ಕೆರೆದು ಕೆರೆದು ಕೆಲವರಿಗೆ ಕೀವು ತುಂಬಿತ್ತು. ನಾವು ಹೋದೆವು. ಮಕ್ಕಳ ಕೈಗಳ ಫೋಟೊ ತೆಗೆದೆವು. ಪಕ್ಕದಲ್ಲೇ ಮುಚ್ಚಳವಿಲ್ಲದ, ಒಳಗೆ ಪಾಚಿ ಕಟ್ಟಿದ ಟ್ಯಾಂಕ್ ಇತ್ತು. ಅದರದ್ದೂ ತೆಗೆದೆವು. ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟರೆ ಸುದ್ದಿ ತಾನಾಗೇ ಹುಟ್ಟಿತು: 'ಕಲುಷಿತ ನೀರು ಸೇವನೆ, ಮಕ್ಕಳಿಗೆ ಚರ್ಮರೋಗ'. ಸೇವನೆಗೂ ಸ್ನಾನಕ್ಕೂ ವ್ಯತ್ಯಾಸವಿದೆ ಎಂಬುದನ್ನು ಸಹ ನಾವು ನೋಡಲಿಲ್ಲ.

ಮಾರನೆಯ ದಿನವೇ ಊರಿನ ನೀರು ಬಂದ್ ಆಯಿತು. 'ಕ್ರಮ ಕೈಗೊಂಡರು' ಎಂದು ನಾವು ಇನ್ನೊಂದು ಸುದ್ದಿ ಕಳಿಸಿ ಬೀಗಿದೆವು. ಒಂದು ವಾರಕ್ಕೂ ಹೆಚ್ಚು ಕಾಲ ಆ ಊರಿನ ಹೆಣ್ಣುಮಕ್ಕಳು ಗದ್ದೆ ಬಯಲಿನ ಪಂಪ್‌ಸೆಟ್ಟಿನಿಂದ ಬಿಂದಿಗೆ ಹೊತ್ತರು. ನೀರು ಕಡಿಮೆಯಾಗಿ ಮಕ್ಕಳಿಗೆ ದಿನ ಬಿಟ್ಟು ದಿನ ಸ್ನಾನವಾಯಿತು. ಆಮೇಲೆ ಬಂದ ವೈದ್ಯರು ಹೇಳಿದ್ದು ಒಂದೇ ಪದ: ಕಜ್ಜಿ. ಚರ್ಮದೊಳಗೆ ಬಿಲ ತೋಡಿ ಮೊಟ್ಟೆಯಿಡುವ, ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯಿಂದ ಬರುವ ಕಾಯಿಲೆ. ಅದು ಹರಡುವುದು ಮೈಯಿಂದ ಮೈಗೆ; ಒಂದೇ ಚಾಪೆ, ಒಂದೇ ಹೊದಿಕೆಯಲ್ಲಿ ಮಲಗುವ ಮನೆಗಳಲ್ಲಿ ಬೇಗ. ನಲ್ಲಿ ನೀರಿಗೂ ಅದಕ್ಕೂ ಸಂಬಂಧವಿಲ್ಲ. ನೀರಿನ ವರದಿ ಬರುವಷ್ಟರಲ್ಲಿ ಸುದ್ದಿ ಹಳೆಯದಾಗಿತ್ತು. ನಾವು ತಿದ್ದುಪಡಿ ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಟ್ಯಾಂಕಿನ ಪಾಚಿ ನಿಜ, ಅದು ಬೇರೆಯೇ ಸುದ್ದಿ. ಆ ಮಕ್ಕಳ ನವೆಗೆ ಅದು ಕಾರಣವಾಗಿರಲಿಲ್ಲ.

ಇದು ಆ ತಿದ್ದುಪಡಿ, ತಡವಾಗಿ.

ಇದರ ತದ್ವಿರುದ್ಧವಾದುದನ್ನೂ ಕಂಡಿದ್ದೇವೆ. ಇನ್ನೊಂದು ಊರಲ್ಲಿ ಮೊದಲೇ ಇಸುಬು ಇದ್ದ ಎಳೆ ಮಗುವಿನ ತಾಯಿ, "ಸ್ನಾನ ಆದ ಮೇಲೆ ಮಗಿ ಕಿರುಚ್ಕತದೆ, ಮೈ ಕೆಂಪಗಾಯ್ತದೆ" ಎಂದು ಎಲ್ಲರ ಬಳಿ ಹೇಳಿದಳು. ಬೆವರುಸಾಲೆ, ಬಿಸಿಲಿಗೆ ಹಾಗಾಗುತ್ತದೆ, ನಿಮ್ಮ ಮೈಗೆ ಆಗಲ್ಲ ಎಂದು ಒಬ್ಬೊಬ್ಬರು ಒಂದೊಂದು ಹೇಳಿ ಕಳಿಸಿದರು. ಕೊನೆಗೆ ಊರಿನ ಶಾಲೆಯಲ್ಲಿದ್ದ ಪರೀಕ್ಷಾ ಕಿಟ್‌ನಲ್ಲಿ ಮೇಷ್ಟ್ರೊಬ್ಬರು ನೋಡಿದರೆ ಕ್ಲೋರಿನ್ ಕೊಳವೆ ಕಡು ಹಳದಿಗೆ ತಿರುಗಿತು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಬೀಳುತ್ತಿದ್ದದ್ದು ತೂಕದಿಂದಲ್ಲ, ಮಗ್ಗಿನಿಂದ. ಅಳತೆ ಸರಿಪಡಿಸಿದ ಮೇಲೆ ಮಗುವಿನ ಇಸುಬು ಪೂರಾ ಹೋಗಲಿಲ್ಲ, ಆದರೆ ಸ್ನಾನದ ಹೊತ್ತಿನ ಕಿರುಚಾಟ ಕಡಿಮೆಯಾಯಿತು. ಆ ತಾಯಿಯ ಮಾತಿನಲ್ಲಿ ಹುರುಳಿತ್ತು. ಅದನ್ನು ತಿಳಿಯಲು ಬೇಕಾಗಿದ್ದು ಐದು ನಿಮಿಷ.

ಮೊದಲ ಊರಲ್ಲಿ ನೀರಿನ ಮೇಲೆ ಸುಳ್ಳು ಅಪವಾದ, ಎರಡನೆಯ ಊರಲ್ಲಿ ನೀರಿಗೆ ಸುಳ್ಳು ಕ್ಷಮೆ. ಎರಡಕ್ಕೂ ಕಾರಣ ಒಂದೇ.

ಗಡಸು ನೀರು ಮಾಡುವುದೇನು

ಈಗ ನೀರಿನೊಳಗೆ ಇಳಿಯೋಣ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲರ ಮನೆಯ ನಲ್ಲಿಗೆ ಬರುವುದು ಒಂದೇ ನೀರಲ್ಲ. ಶ್ರೀರಂಗಪಟ್ಟಣದ ಎರಡೂ ಮಗ್ಗುಲಲ್ಲಿ ಕಾವೇರಿ, ಕೆ.ಆರ್.ಪೇಟೆಗೆ ಹೇಮಾವತಿ, ಪಾಂಡವಪುರಕ್ಕೆ ವಿಶ್ವೇಶ್ವರಯ್ಯ ನಾಲೆ. ಮುತ್ತಿನಂಥ ತಿಳಿನೀರಿಗೆ ಮೋತಿ ತಲಾಬ್ ಎಂದೇ ಹೆಸರಾದ ತೊಣ್ಣೂರು ಕೆರೆಯೂ ಅಲ್ಲಿದೆ. ನಾಗಮಂಗಲ ಹಾಗಲ್ಲ. ಲೋಕಪಾವನಿ ಹುಟ್ಟುವುದು ಆ ಸೀಮೆಯಲ್ಲೇ ಆದರೂ ಅದು ತುಂಬಿ ಹರಿದು ಕರಿಘಟ್ಟದ ಬುಡದಲ್ಲಿ ಕಾವೇರಿ ಸೇರುವುದನ್ನು ನೋಡುವುದು ಒಳ್ಳೆಯ ಮಳೆಗಾಲದಲ್ಲಿ ಮಾತ್ರ. ಉಳಿದಂತೆ ಬೋರ್‌ವೆಲ್ಲೇ ಗತಿ. ಹೊಳೆ, ನಾಲೆ ಪಕ್ಕದಲ್ಲೇ ಇದ್ದರೂ ಬೋರ್ ನೀರನ್ನೇ ಟ್ಯಾಂಕಿಗೆ ಹತ್ತಿಸುವ ಊರುಗಳು ಉಳಿದ ಮೂರು ತಾಲ್ಲೂಕುಗಳಲ್ಲೂ ಇವೆ.

ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಸುಣ್ಣದ ಅಂಶ, ಮೆಗ್ನೀಸಿಯಂ ಕರಗಿರುತ್ತವೆ. ಇದನ್ನೇ ಗಡಸು ನೀರು ಎನ್ನುವುದು. ಇದನ್ನು ಗುರುತಿಸಲು ನಮ್ಮ ಮನೆಗಳ ಹೆಂಗಸರಿಗೆ ಪ್ರಯೋಗಾಲಯ ಬೇಕಿಲ್ಲ. ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಬಚ್ಚಲು ಮನೆಯ ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ, ಕೂದಲು ತೆಂಗಿನ ನಾರಿನಂತಾಗುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಈ ಗಡಸು ನೀರು ಚರ್ಮಕ್ಕೆ ಏನು ಮಾಡುತ್ತದೆ? ನೀರಿಗಿಂತ ಹೆಚ್ಚಾಗಿ ನೀರು ಮತ್ತು ಸೋಪು ಸೇರಿ ಮಾಡುತ್ತವೆ. ಸುಣ್ಣದ ಅಂಶ ಸೋಪಿನೊಂದಿಗೆ ಕೂಡಿ ಕರಗದ ಜಿಗುಟಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಕಾಣುವ ಬೂದು ಪಟ್ಟಿ ಅದೇ. ಅದೇ ಜಿಗುಟು ಮೈಮೇಲೂ ಉಳಿಯುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗದು. ನೊರೆ ಬರಲಿಲ್ಲವೆಂದು ನಾವು ಇನ್ನಷ್ಟು ಸೋಪು ಉಜ್ಜುತ್ತೇವೆ. ಆರೋಗ್ಯವಾದ ಚರ್ಮದ ಮೇಲ್ಪದರ ಸ್ವಲ್ಪ ಹುಳಿ ಗುಣದ್ದು, ಸೋಪು ಕ್ಷಾರ. ಮೈಯ ಎಣ್ಣೆಯಂಶ ಹೋಗಿ ಚರ್ಮ ಒಣಗುತ್ತದೆ, ಒಣಗಿದರೆ ನವೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ್ದೂ ಹೆಚ್ಚುಕಡಿಮೆ ಇದನ್ನೇ: ಗಡಸು ನೀರಿನಲ್ಲಿ ತೊಳೆದಾಗ ಸಾಬೂನು ಪದಾರ್ಥ ಚರ್ಮದ ಮೇಲೆ ಹೆಚ್ಚು ಉಳಿಯುತ್ತದೆ, ಇಸುಬಿನ ಗುಣವಿರುವವರಿಗೆ ಅದರಿಂದ ಹೆಚ್ಚು ಕೆರಳುತ್ತದೆ.

ಹಾಗಾದರೆ ನೀರನ್ನು ಮೆದು ಮಾಡಿದರೆ ಇಸುಬು ವಾಸಿಯಾಗಬೇಕಲ್ಲ? ಅದನ್ನೂ ಅಲ್ಲೇ ಪರೀಕ್ಷಿಸಿದ್ದಾರೆ. ಇಂಗ್ಲೆಂಡಿನ ಗಡಸು ನೀರಿನ ಪ್ರದೇಶಗಳಲ್ಲಿ ಇಸುಬು ಇದ್ದ 336 ಮಕ್ಕಳನ್ನು ತೆಗೆದುಕೊಂಡು, ಅರ್ಧದಷ್ಟು ಮಕ್ಕಳ ಮನೆಗೆ ನೀರು ಮೆದು ಮಾಡುವ ಯಂತ್ರ ಹಾಕಿ 12 ವಾರ ನೋಡಿದರು. 2011ರಲ್ಲಿ ಬಂದ ಫಲಿತಾಂಶ: ಯಂತ್ರ ಹಾಕಿದ ಮನೆಯ ಮಕ್ಕಳಿಗೂ ಹಾಕದ ಮನೆಯ ಮಕ್ಕಳಿಗೂ ಇಸುಬಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗಡಸು ನೀರು ಚರ್ಮವನ್ನು ಕಾಡಬಹುದು, ಆದರೆ ನೀರೊಂದನ್ನು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಲಾಗದು. ನಲ್ಲಿಗೆ ಸಿಕ್ಕಿಸುವ ಫಿಲ್ಟರ್ ಮಾರಲು ಊರಿಗೆ ಬರುವವರು ಈ ಎರಡನೆಯ ಭಾಗ ಹೇಳುವುದಿಲ್ಲ. ಪಟಿಕ ಹಾಕಿದರೆ ಗಡಸು ಹೋಗುತ್ತದೆ ಎಂಬ ಮಾತೂ ತಪ್ಪು. ಪಟಿಕ ಕೂರಿಸುವುದು ಮಣ್ಣನ್ನು ಮಾತ್ರ.

ಬ್ಲೀಚಿಂಗ್ ಬೇಕು, ತಕ್ಕಡಿಯೂ ಬೇಕು

ಎರಡನೆಯ ಆರೋಪಿ ಬ್ಲೀಚಿಂಗ್ ಪೌಡರ್. ಈ ವಿಚಾರದಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ನವೆ ಆಗುತ್ತದೆಂದು ಬ್ಲೀಚಿಂಗ್ ನಿಲ್ಲಿಸಿ ಎನ್ನುವುದು ಪ್ರಾಣದ ಜೊತೆ ಆಟ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, 2024ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹಬ್ಬಿ ಜೀವ ಹೋದದ್ದನ್ನು ನಾವೆಲ್ಲ ಓದಿದ್ದೇವೆ. ನವೆಗೆ ಹೆದರಿ ಕಾಲರಾವನ್ನು ಕರೆಯಬಾರದು.

ಆದರೆ ಎಷ್ಟು ಹಾಕಬೇಕು ಎಂಬುದಕ್ಕೆ ಲೆಕ್ಕವಿದೆ. ಒಳ್ಳೆಯ ಗುಣಮಟ್ಟದ ಬ್ಲೀಚಿಂಗ್ ಪೌಡರ್ ಆದರೆ, ತಿಳಿಯಾದ ನೀರಿಗೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. 50 ಸಾವಿರ ಲೀಟರಿನ ಟ್ಯಾಂಕಿಗೆ 125 ಗ್ರಾಂ, ಅಂದರೆ ಒಂದು ಚಿಕ್ಕ ಲೋಟದಷ್ಟು. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಬಿಟ್ಟು, ಕನಿಷ್ಠ ಅರ್ಧ ಗಂಟೆಯಾದ ಮೇಲೆ ಊರಿಗೆ ನೀರು ಬಿಡಬೇಕು. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 1 ಮಿಲಿಗ್ರಾಂ ಮೀರಬಾರದು.

ನಡೆಯುವುದೇನು? ಕಾಯಿಲೆಯ ಸುದ್ದಿ ಬಂದ ವಾರ ಮಗ್ಗುಗಟ್ಟಲೆ ಬೀಳುತ್ತದೆ. ಸುದ್ದಿ ತಣ್ಣಗಾದ ಮೇಲೆ ತಿಂಗಳುಗಟ್ಟಲೆ ಒಂದು ಚಿಟಿಕೆಯೂ ಬೀಳುವುದಿಲ್ಲ. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಗಾಳಿ ತಾಗಿ ಸತ್ವ ಕಳೆದುಕೊಂಡಿರುತ್ತದೆ. ಕೆಲವೊಮ್ಮೆ ಪುಡಿಯನ್ನೇ ನೇರ ಸುರಿಯುವುದರಿಂದ ಟ್ಯಾಂಕಿನ ಪಕ್ಕದ ಬೀದಿಗೆ ಘಾಟು ನೀರು, ಕೊನೆಯ ಬೀದಿಗೆ ಏನೂ ಇಲ್ಲ. ಹೆಚ್ಚಾದ ಕ್ಲೋರಿನ್ ಎಲ್ಲರಿಗೂ ನವೆ ತರುವುದಿಲ್ಲ. ಆದರೆ ಈಗಾಗಲೇ ಇಸುಬು ಇರುವ, ಒಡೆದ, ಒಣಗಿದ ಚರ್ಮವನ್ನು ಕೆರಳಿಸಬಹುದು. ಇದಕ್ಕೆ ನೀರುಗಂಟಿಯನ್ನು ಬೈದು ಪ್ರಯೋಜನವಿಲ್ಲ. ಅತಿ ಕಡಿಮೆ ಸಂಬಳಕ್ಕೆ ಹೊತ್ತುಗೊತ್ತಿಲ್ಲದೆ ವಾಲ್ವ್ ತಿರುಗಿಸುವ ಅವನ ಕೈಗೆ ಒಂದು ಸಣ್ಣ ತಕ್ಕಡಿ, ಮೂಗಿಗೆ ಒಂದು ಮಾಸ್ಕ್, ಗೋಡೆಗೆ ಅಳತೆಯ ಒಂದು ಪಟ್ಟಿ ಕೊಟ್ಟಿರುವ ಪಂಚಾಯಿತಿಗಳೆಷ್ಟು ಎಂದು ಕೇಳಬೇಕು.

ನೀರೇ ಕಾರಣವಾದ ಊರು

ನೀರಿನಿಂದ ಚರ್ಮರೋಗ ಬರುವುದೇ ಇಲ್ಲ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಹಳೆಯ ಚಿನ್ನದ ಗಣಿ ಪ್ರದೇಶದ ಊರು. ಅಲ್ಲಿನ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ಪತ್ತೆಯಾಯಿತು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪರೀಕ್ಷೆಗೊಳಗಾದ ಗ್ರಾಮಸ್ಥರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ ಗುರುತುಗಳಿದ್ದವು: ಅಂಗೈ ಅಂಗಾಲು ದಪ್ಪಗಟ್ಟಿ ಗಂಟುಗಂಟಾಗುವುದು, ಮೈಮೇಲೆ ಕಪ್ಪು ಬಿಳಿ ಮಚ್ಚೆ. ಅದು ಸ್ನಾನದಿಂದ ಬಂದದ್ದಲ್ಲ, ವರ್ಷಗಟ್ಟಲೆ ಆ ನೀರು ಕುಡಿದದ್ದರಿಂದ. ನಮ್ಮ ಕಡೆಯ ನವೆಯನ್ನು ಕಿರದಳ್ಳಿಗೆ ಹೋಲಿಸಿ ಹೆದರಿಸುವುದು ತಪ್ಪು. ಆದರೆ ಅಲ್ಲಿನವರ ಅಂಗೈ ನೋಡಿ 'ಏನೋ ಅಲರ್ಜಿ' ಎಂದು ಕಳಿಸಿ, ಬಾವಿ ನೀರನ್ನು ಯಾರೂ ಪರೀಕ್ಷಿಸದೇ ಇದ್ದಿದ್ದರೆ ಕಾರಣ ಇಂದಿಗೂ ಗೊತ್ತಾಗುತ್ತಿರಲಿಲ್ಲ.

ನಾಗಮಂಗಲ ತಾಲ್ಲೂಕಿನ ಕೆಲವು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಅದೂ ಕುಡಿಯುವುದರಿಂದಲೇ ಕೆಡಿಸುವಂಥದ್ದು. ಹಲ್ಲು, ಮೂಳೆ ಅದರ ಗುರಿ. ಫ್ಲೋರೈಡ್ ಇದೆ ಎಂದ ಮಾತ್ರಕ್ಕೆ ನವೆಗೆ ಅದೇ ಕಾರಣ ಎಂದು ಜೋಡಿಸುವಂತಿಲ್ಲ. ಯಾವುದು ಕುಡಿದರೆ ಕೆಡುಕು, ಯಾವುದು ಮೈಗೆ ತಾಗಿದರೆ ಕೆಡುಕು ಎಂಬ ಭೇದ ನಮಗೆ, ಪಂಚಾಯಿತಿಗೆ, ಓದುಗರಿಗೆ ತಿಳಿದಿರಬೇಕು.

ಇಲ್ಲೇ ಇನ್ನೊಂದು ಮುಖ್ಯ ಸಂಗತಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ', ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿದೆ. ಅದರಲ್ಲಿ ನಾವು ಕುಡಿಯುವುದು ಎರಡು ಮೂರು ಲೀಟರ್. ಆ ಎರಡು ಮೂರು ಲೀಟರಿಗಾಗಿ ಶುದ್ಧ ಕುಡಿಯುವ ನೀರಿನ ಘಟಕವಿದೆ, ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವೆ. ಮಿಕ್ಕ ಐವತ್ತು ಚಿಲ್ಲರೆ ಲೀಟರ್ ನಮ್ಮ ಮೈ, ಬಟ್ಟೆ, ಪಾತ್ರೆ, ಮಗುವಿನ ಎಣ್ಣೆಸ್ನಾನಕ್ಕೆ ಹೋಗುತ್ತದೆ. ಆ ನೀರಿನ ಬಗ್ಗೆ ಮಾತೇ ಇಲ್ಲ. 'ಕುಡಿಯಲು ಯೋಗ್ಯ' ಎಂಬ ವರದಿ ತೋರಿಸಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಆ ಮಾನದಂಡ ಮಾಡಿರುವುದೇ ಕುಡಿಯುವುದಕ್ಕೆ. ಮೈ ನವೆಯ ಪ್ರಶ್ನೆಗೆ ಅದು ಅರ್ಧ ಉತ್ತರ ಮಾತ್ರ.

ನೀರಲ್ಲದ ಕಾರಣಗಳು

ನಮ್ಮ ಸೀಮೆಯಲ್ಲಿ ಮೈ ಕೆರೆಯಲು ಕಾರಣಗಳಿಗೆ ಬರವಿಲ್ಲ. ಕಬ್ಬು ಕಡಿಯುವವರಿಗೆ ಗರಿಯ ಸುಂಕು. ಹೊಲದ ಬದುವಿನಲ್ಲಿ ಆಳೆತ್ತರ ಬೆಳೆದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ: ಇದರ ಅಲರ್ಜಿ ಸಾಮಾನ್ಯವಾಗಿ ಮುಖ, ಕತ್ತು, ಮೊಣಕೈ ಒಳಭಾಗ ಹೀಗೆ ಬಟ್ಟೆ ಮುಚ್ಚದ ಕಡೆ ಬರುತ್ತದೆ. ಗಾರೆ ಕೆಲಸದವರಿಗೆ ಸಿಮೆಂಟು. ದಿನವಿಡೀ ಪಾತ್ರೆ ಬಟ್ಟೆ ತೊಳೆಯುವ ಹೆಂಗಸರ ಬೆರಳಿಗೆ ಸೋಪಿನ ಪುಡಿ. ಬೆವರುವ ತೊಡೆಸಂದಿಗೆ ಹುಳುಕಡ್ಡಿ.

ಹುಳುಕಡ್ಡಿಗೆ ನಮ್ಮವರು ಮೊದಲು ಹೋಗುವುದು ಮೆಡಿಕಲ್ ಸ್ಟೋರಿಗೆ. ಕೈಗೆ ಬರುವ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ನವೆ ಮಾಯ, ಎರಡು ವಾರಕ್ಕೆ ಮೊದಲಿಗಿಂತ ಅಗಲವಾಗಿ ವಾಪಸ್. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಹಳ್ಳಿಯ ಅಂಗಡಿಗಳಲ್ಲಿ ಅದು ಹೇಗೆ ಪಾಲನೆಯಾಗುತ್ತಿದೆ ಎಂದು ಓದುಗರಿಗೆ ಹೇಳಬೇಕಿಲ್ಲ. ವಾಸಿಯಾಗದ ಹುಳುಕಡ್ಡಿಗೂ ಕೊನೆಗೆ ಬೈಸಿಕೊಳ್ಳುವುದು ನಲ್ಲಿ ನೀರೇ.

ಆದ್ದರಿಂದ ಫೋನ್ ಮಾಡುವವರಿಗೆ ನಾವೀಗ ಕೆಲವು ಪ್ರಶ್ನೆ ಕೇಳುತ್ತೇವೆ. ನವೆ ರಾತ್ರಿ ಹೆಚ್ಚೋ, ಸ್ನಾನವಾದ ಕೂಡಲೇ ಹೆಚ್ಚೋ? ರಾತ್ರಿ ಹೆಚ್ಚಾಗಿ, ಮನೆಮಂದಿಗೆಲ್ಲ ಬೆರಳ ಸಂದಿಯಲ್ಲಿ ಗುಳ್ಳೆ ಎದ್ದಿದ್ದರೆ ಕಜ್ಜಿಯ ಅನುಮಾನ. ಒಬ್ಬರಿಗಷ್ಟೇ ಅಲ್ಲ, ಮನೆಯವರಿಗೆಲ್ಲ ಒಂದೇ ದಿನ ಔಷಧ ಹಚ್ಚಬೇಕಾಗುತ್ತದೆ, ವೈದ್ಯರನ್ನು ಕಾಣಲೇಬೇಕು. ಉಂಗುರದಂತೆ ದುಂಡಗೆ ಹಬ್ಬುತ್ತಿದೆಯೇ? ಹುಳುಕಡ್ಡಿ. ನೆಂಟರ ಊರಿಗೆ ಹೋದಾಗ ನಿಂತು, ವಾಪಸ್ ಬಂದಾಗ ಶುರುವಾಗುತ್ತದೆಯೇ? ನಿಮ್ಮ ಸಾಲಿನ ಮನೆಗಳಿಗೆಲ್ಲ ಇದ್ದು, ಬೇರೆ ಟ್ಯಾಂಕಿನ ನೀರು ಬರುವ ಬೀದಿಗೆ ಇಲ್ಲವೇ? ಹಾಗಿದ್ದರೆ ನೀರಿನ ಮೇಲಿನ ಅನುಮಾನಕ್ಕೆ ಬಲ ಬರುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಉಂಟು. ಒಂದು ವಾರ ಸೋಪು ಅದೇ ಇರಲಿ, ನೀರು ಮಾತ್ರ ಬೇರೆ: ಮಳೆ ನೀರೋ, ಘಟಕದ ಎರಡು ಬಿಂದಿಗೆ ನೀರೋ. ಮುಂದಿನ ವಾರ ನಲ್ಲಿ ನೀರೇ ಇರಲಿ, ಸೋಪು ಬಿಡಿ ಅಥವಾ ಘಾಟಿಲ್ಲದ ಮೆದು ಸೋಪು ಬಳಸಿ, ಸ್ನಾನವಾದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿ. ಯಾವ ವಾರ ಕಡಿಮೆಯಾಯಿತು ಎಂದು ಬರೆದಿಡಿ. ಇದು ವೈದ್ಯರ ಮಾತಿಗೆ ಬದಲಿಯಲ್ಲ, ಆದರೆ ವೈದ್ಯರ ಮುಂದೆ, ಪಂಚಾಯಿತಿ ಮುಂದೆ ನಿಂತಾಗ ನಿಮ್ಮ ಮಾತಿಗೆ ತೂಕ ಕೊಡುತ್ತದೆ. ಕ್ಲೋರಿನ್ ಘಾಟಿದ್ದರೆ ಸ್ನಾನದ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯೇ ಹಿಡಿದಿಟ್ಟರೆ ಬಹುಪಾಲು ಹಾರಿಹೋಗುತ್ತದೆ.

ನಾವು ಕೇಳುವುದಿಷ್ಟು

ಹೊಸ ಯೋಜನೆ, ಹೊಸ ಅನುದಾನ ಯಾವುದೂ ಬೇಕಿಲ್ಲ. ಇರುವುದನ್ನು ಬಳಸಿದರೆ ಸಾಕು.

ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದಿದೆ, ಕಿಟ್ ಕೂಡ ಇದೆ. ನಮ್ಮ ಊರುಗಳಲ್ಲಿ ಆ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದರೆ ಅನೇಕ ಕಡೆ ಬೀರುವಿನ ಬೀಗದ ಕೈ ಹುಡುಕಬೇಕಾಗುತ್ತದೆ. ಗಡಸುತನ, ಕ್ಲೋರಿನ್, ಫ್ಲೋರೈಡ್, ನೈಟ್ರೇಟ್ ನೋಡಲು ಅದರಲ್ಲಿ ರಾಸಾಯನಿಕಗಳಿವೆ. ಅವುಗಳಿಗೂ ಅವಧಿ ಮುಗಿಯುತ್ತದೆ, ಡಬ್ಬಿಯ ಮೇಲಿನ ದಿನಾಂಕ ನೋಡಬೇಕು.

ನವೆಯ ದೂರು ಬಂದ ದಿನವೇ ಮಾದರಿ ತೆಗೆಯಬೇಕು. ಒಂದು ಟ್ಯಾಂಕಿನ ಬಳಿ, ಇನ್ನೊಂದು ದೂರಿದವರ ಮನೆಯ ನಲ್ಲಿಯಲ್ಲಿ. ಎರಡೂ ಬೇಕು, ಏಕೆಂದರೆ ಕೆಲವೊಮ್ಮೆ ತಪ್ಪು ಟ್ಯಾಂಕಿನದ್ದು, ಕೆಲವೊಮ್ಮೆ ಚರಂಡಿಯೊಳಗೆ ಹಾದ ಒಡಕು ಪೈಪಿನದ್ದು, ಇನ್ನು ಕೆಲವೊಮ್ಮೆ ನಮ್ಮದೇ ಮಹಡಿ ಮೇಲಿನ ಸಿಂಟೆಕ್ಸಿನದ್ದು. ಕ್ಲೋರಿನ್ ಮಾತ್ರ ಸ್ಥಳದಲ್ಲೇ ನೋಡಬೇಕು. ಬಾಟಲಿಯಲ್ಲಿ ಮಂಡ್ಯಕ್ಕೆ ಹೋಗುವಷ್ಟರಲ್ಲಿ ಅದು ಇಳಿದುಹೋಗಿರುತ್ತದೆ. ಆಮೇಲೆ 'ವರದಿ ನಾರ್ಮಲ್' ಎಂದರೆ ಅದಕ್ಕೆ ಅರ್ಥವಿಲ್ಲ.

ವರದಿ ಫೈಲಿನಲ್ಲಿ ಉಳಿಯಬಾರದು. ಪಂಚಾಯಿತಿ ಬೋರ್ಡಿನ ಮೇಲೆ ಕನ್ನಡದಲ್ಲಿ, 'ಇರಬೇಕಾದದ್ದು ಇಷ್ಟು, ನಮ್ಮೂರಲ್ಲಿ ಇರುವುದು ಇಷ್ಟು' ಎಂದು ಎರಡು ಸಾಲು ಬರೆದು ಹಾಕಲಿ. ಟ್ಯಾಂಕ್ ತೊಳೆದ ದಿನಾಂಕ ಟ್ಯಾಂಕಿನ ಮೇಲೇ ಇರಲಿ.

ಪ್ರಾಥಮಿಕ ಆರೋಗ್ಯ ಕೇಂದ್ರದ ಪುಸ್ತಕದಲ್ಲಿ 'ಸ್ಕಿನ್ ಅಲರ್ಜಿ' ಎಂದು ಬರೆಯುವಾಗ ಪಕ್ಕದಲ್ಲಿ ಯಾವ ಊರು, ಯಾವ ಟ್ಯಾಂಕಿನ ನೀರು ಎಂಬ ಎರಡು ಪದ ಸೇರಲಿ. ಮೂರು ತಿಂಗಳ ಪುಸ್ತಕ ತೆರೆದರೆ ಒಂದೇ ಟ್ಯಾಂಕಿನ ಹೆಸರು ಮತ್ತೆ ಮತ್ತೆ ಬರುತ್ತಿದೆಯೋ ಇಲ್ಲವೋ ತಾನಾಗೇ ಕಾಣುತ್ತದೆ. ಈಗ ವೈದ್ಯರಿಗೆ ನೀರಿನ ವರದಿ ಗೊತ್ತಿಲ್ಲ, ನೀರಿನವರಿಗೆ ರೋಗಿಗಳ ಲೆಕ್ಕ ಗೊತ್ತಿಲ್ಲ. ಮಂಡ್ಯದಲ್ಲಿ ಮಿಮ್ಸ್ ಇದೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲೂ ವೈದ್ಯಕೀಯ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಬೋರ್ ನೀರಿನ ನಾಲ್ಕು ಊರು, ಹೊಳೆ ನೀರಿನ ನಾಲ್ಕು ಊರು ಆರಿಸಿಕೊಂಡು ಮನೆ ಮನೆ ಸುತ್ತಿದರೆ ನಮ್ಮೆಲ್ಲರ ಊಹೆಗಿಂತ ಹೆಚ್ಚು ಬೆಲೆಬಾಳುವ ಉತ್ತರ ಸಿಗುತ್ತದೆ.

ಇನ್ನು ನಮ್ಮ ಪಾಲು. ಪರೀಕ್ಷೆಯ ವರದಿ ಕೈಗೆ ಬರುವ ಮೊದಲು 'ಕಲುಷಿತ' ಎಂಬ ಪದ ಬರೆಯುವುದಿಲ್ಲ. 'ಗ್ರಾಮಸ್ಥರು ಆರೋಪಿಸಿದ್ದಾರೆ' ಎಂಬ ನಾಲ್ಕಾಣೆಯ ರಕ್ಷಾಕವಚದ ಹಿಂದೆ ಅಡಗುವುದಿಲ್ಲ. ಹಾಗೆಂದು ವರದಿ ಬರಲಿ ಎಂದು ದೂರನ್ನು ಮುಚ್ಚಿಡುವುದೂ ಇಲ್ಲ. 'ಇಂಥ ಊರಲ್ಲಿ ಇಷ್ಟು ಮನೆಯವರಿಗೆ ನವೆ. ನೀರು ಇನ್ನೂ ಪರೀಕ್ಷೆಯಾಗಿಲ್ಲ' ಎಂದು ಬರೆದರೆ ಅದೂ ಸುದ್ದಿಯೇ. ಪರೀಕ್ಷೆಯಾಗಿಲ್ಲ ಎಂಬುದೇ ಅದರಲ್ಲಿನ ದೊಡ್ಡ ಸುದ್ದಿ. ವರದಿ ಬಂದ ದಿನ, ಅದು ನಮ್ಮ ಮೊದಲ ಸುದ್ದಿಗೆ ವಿರುದ್ಧವಾಗಿದ್ದರೂ, ಅಷ್ಟೇ ಜಾಗದಲ್ಲಿ ಬರೆಯುತ್ತೇವೆ.

ಮೊನ್ನೆ ಮತ್ತೆ ಒಂದು ಫೋನ್ ಬಂತು. "ನೀರು ಸರಿ ಇಲ್ಲ ಕಣಪ್ಪ, ಬಂದು ಫೋಟೊ ಹೊಡ್ಕೊಂಡೋಗು" ಎಂದರು ಹಿರಿಯರೊಬ್ಬರು. ಬರುತ್ತೇವೆ ಅಜ್ಜ ಎಂದೆವು. ಬರುವಷ್ಟರಲ್ಲಿ ನಿಮ್ಮ ಪಂಚಾಯಿತಿಯವರ ಹತ್ತಿರ ಆ ಕಿಟ್ ಪೆಟ್ಟಿಗೆ ತೆಗೆಸಿಟ್ಟಿರಿ, ಫೋಟೊ ಆಮೇಲೆ ಹೊಡೆಯೋಣ ಎಂದೆವು.